ಹಳೇ ಹಾರ್ಡ್‌ಡಿಸ್ಕ್ ತೆಗೆದರೆ ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ ಏಳುತ್ತಿಲ್ಲ! ಬೇರೆ ಡ್ರೈವಿಗೆ ಲಿನಕ್ಸ್ ಹಾಕುವುದು ಹೇಗೆ?

ತೋಟದಮನೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ. 8ನೇ ಜನರೇಷನ್ ಐ5, ಗಿಗಾಬೈಟ್ ಬಿ360 ಬೋರ್ಡ್, 8 ಜಿಬಿ ರ‍್ಯಾಮ್. ಮೊದಲು 1 ಟಿಬಿ ಹಾರ್ಡ್‌ಡಿಸ್ಕ್ ಒಂದೇ ಇತ್ತು. ಆಮೇಲೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ 256 ಜಿಬಿ ಎನ್‌ವಿಎಂಇ (ಬೋರ್ಡಿಗೇ ನೇರ ಕೂರುವ ವೇಗದ ಎಸ್‌ಎಸ್‌ಡಿ) ಹಾಕಿಸಿ, ಅದಕ್ಕೆ ವಿಂಡೋಸ್ 11 ಹಾಕಿಸಿದೆವು. ಹಾರ್ಡ್‌ಡಿಸ್ಕ್ ಒಳಗೇ ಉಳಿಯಿತು. ಫೋಟೊ, ಟ್ಯಾಲಿ ಬ್ಯಾಕಪ್ ಎಲ್ಲ ಅದರಲ್ಲಿದೆ.

ಈಗ ಆ ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದೆ. ತೆಗೆದುಬಿಡೋಣ ಅಂತ ಕೇಬಲ್ ಬಿಚ್ಚಿದರೆ ವಿಂಡೋಸ್ ಬರುವುದಿಲ್ಲ. ಬೂಟ್ ಡಿವೈಸ್ ಇಲ್ಲ ಅನ್ನುತ್ತದೆ. ಕೇಬಲ್ ಮತ್ತೆ ಹಾಕಿದರೆ ಏನೂ ಆಗದವರ ಹಾಗೆ ಬರುತ್ತದೆ. ವಿಂಡೋಸ್ ಇರುವುದು ಎನ್‌ವಿಎಂಇಯಲ್ಲಿ ತಾನೇ? ಹಾರ್ಡ್‌ಡಿಸ್ಕ್ ತೆಗೆದರೆ ಅದಕ್ಕೇನು?

ಇನ್ನೊಂದು ವಿಷಯ. ನನಗೆ ಕಾಲೇಜಿನ ಲ್ಯಾಬ್ ಕೆಲಸಕ್ಕೆ ಲಿನಕ್ಸ್ ಬೇಕು. 500 ಜಿಬಿ ಸಾಟಾ ಎಸ್‌ಎಸ್‌ಡಿ ತಂದಿಟ್ಟಿದ್ದೇನೆ. ಅಪ್ಪಯ್ಯ ಇದೇ ಕಂಪ್ಯೂಟರಿನಲ್ಲಿ ಅಡಿಕೆ ಲೆಕ್ಕ, ಜಿಎಸ್‌ಟಿ ನೋಡುತ್ತಾರೆ. ಅವರ ವಿಂಡೋಸ್‌ಗೆ ಏನಾದರೂ ಆದರೆ ನನ್ನ ಕಥೆ ಮುಗಿಯಿತು. ಅದಕ್ಕೇ ಎರಡನ್ನೂ ಬೇರೆ ಬೇರೆ ಡ್ರೈವಿನಲ್ಲಿ ಇಡಬೇಕು ಅಂತ.

ದುರ್ಗಿಗುಡಿ ಸ್ಕ್ರೂಡ್ರೈವರ್ (ಶಿವಮೊಗ್ಗ)

ಇದು ನಮ್ಮ ಟೇಬಲ್ ಮೇಲೆ ಆಗಾಗ ಬರುವ ಕೇಸು. ಮನೆ ಇಲ್ಲಿ, ಬೀಗದ ಕೈ ಪಕ್ಕದ ಮನೆಯಲ್ಲಿ, ಅಷ್ಟೇ.

ಯುಇಎಫ್‌ಐ (ಹಳೇ ಬಯೋಸ್ ಜಾಗಕ್ಕೆ ಬಂದ, ಕಂಪ್ಯೂಟರ್ ಎಬ್ಬಿಸುವ ಸಾಫ್ಟ್‌ವೇರ್) ಇರುವ ಬೋರ್ಡ್ ನೇರವಾಗಿ ವಿಂಡೋಸನ್ನು ಹುಡುಕುವುದಿಲ್ಲ. ಇಎಸ್‌ಪಿ (ಇಎಫ್‌ಐ ಸಿಸ್ಟಮ್ ಪಾರ್ಟಿಷನ್) ಅಂತ ಒಂದು ಸಣ್ಣ ಪಾರ್ಟಿಷನ್ ಇರುತ್ತದೆ, ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ. ಅದರೊಳಗಿನ ಬೂಟ್ ಫೈಲನ್ನು ಬೋರ್ಡ್ ಓದುತ್ತದೆ, ಆ ಫೈಲು ವಿಂಡೋಸನ್ನು ಎಬ್ಬಿಸುತ್ತದೆ. ವಿಂಡೋಸ್ ಹಾಕುವಾಗ ಬೇರೆ ಡ್ರೈವಿನಲ್ಲಿ ಮೊದಲೇ ಒಂದು ಇಎಸ್‌ಪಿ ಇದ್ದರೆ, ಇನ್‌ಸ್ಟಾಲರ್ ಹೊಸದು ಮಾಡುವ ಗೋಜಿಗೆ ಹೋಗದೆ ತನ್ನ ಬೂಟ್ ಫೈಲನ್ನು ಅಲ್ಲೇ ಇಟ್ಟುಬಿಡಬಹುದು. ನಿಮಗೆ ಹಾಕಿಕೊಟ್ಟವರು ಹಾರ್ಡ್‌ಡಿಸ್ಕ್ ಕೇಬಲ್ ಬಿಚ್ಚದೆ ಹಾಕಿರಬೇಕು.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅಂತ ಯಾವ ಡಿಸ್ಕಿನ ಸಾಲಿನಲ್ಲಿದೆ ನೋಡಿ ಹೇಳಿ. ಹಾಗೇ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯೋಸ್ ಮೋಡ್ ಯುಇಎಫ್‌ಐ ಅಂತ ಇದೆಯಾ, ಲೆಗಸಿ (ಹಳೇ ಬಯೋಸ್ ವಿಧಾನ) ಅಂತ ಇದೆಯಾ ಅದನ್ನೂ ನೋಡಿ. ಲೆಗಸಿ ಆಗಿದ್ದರೆ ದಾರಿಯೇ ಬೇರೆ.

ತೋಟದಮನೆ

ಬಯೋಸ್ ಮೋಡ್ ಯುಇಎಫ್‌ಐ. ನೀವು ಹೇಳಿದ್ದೇ ಸರಿ ಅಣ್ಣ. ಹಾರ್ಡ್‌ಡಿಸ್ಕ್ ಸಾಲಿನಲ್ಲಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಇದೆ. ಎನ್‌ವಿಎಂಇ ಸಾಲಿನಲ್ಲಿ ಸಿ ಡ್ರೈವ್ ಮತ್ತು ಒಂದು ರಿಕವರಿ, ಎರಡೇ. ಇದಕ್ಕೆ ವಿಂಡೋಸ್ ಪೂರ್ತಿ ಮತ್ತೆ ಹಾಕಬೇಕಾ?

ದುರ್ಗಿಗುಡಿ ಸ್ಕ್ರೂಡ್ರೈವರ್

ಬೇಡ ಮಾರಾಯ. ಟ್ಯಾಲಿ ಇರುವ ಮಷೀನ್‌ಗೆ ಸುಮ್ನೆ ಫಾರ್ಮ್ಯಾಟ್ ಅನ್ನಬಾರದು. ಎನ್‌ವಿಎಂಇಯಲ್ಲಿ ಹೊಸ ಇಎಸ್‌ಪಿ ಮಾಡಿ ಬೂಟ್ ಫೈಲ್ ಅಲ್ಲಿಗೆ ಬರೆಸಿದರೆ ಸಾಕು.

ಆದರೆ ಎಲ್ಲಕ್ಕಿಂತ ಮೊದಲು ಆ ಹಾರ್ಡ್‌ಡಿಸ್ಕಿನಲ್ಲಿರುವುದನ್ನು ಬೇರೆ ಕಡೆ ಕಾಪಿ ಮಾಡಿ. ಟಕ್ ಟಕ್ ಅನ್ನುವ ಡಿಸ್ಕ್ ಇವತ್ತೇ ಹೋಗಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದರೆ ಅದರ ಸ್ಮಾರ್ಟ್ ಲೆಕ್ಕ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ಕಾಣುತ್ತದೆ. ರೀಅಲೋಕೇಟೆಡ್, ಪೆಂಡಿಂಗ್ ಸೆಕ್ಟರ್ ಸಂಖ್ಯೆ (ಡಿಸ್ಕಿನ ಕೆಟ್ಟ ಜಾಗಗಳ ಎಣಿಕೆ) ಏರುತ್ತಿದ್ದರೆ ಅದನ್ನು ಮತ್ತೆ ನಂಬಬೇಡಿ. ಅಡಿಕೆ ಲೆಕ್ಕ ಮೊದಲು, ಲಿನಕ್ಸ್ ಆಮೇಲೆ.

ಎರಡನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಎನ್‌ಕ್ರಿಪ್ಷನ್. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ, ಹೋಮ್ ಎಡಿಷನ್‌ನಲ್ಲೂ ಅದು ತಾನಾಗಿ ಆನ್ ಆಗುತ್ತದೆ. ಬೂಟ್ ಜಾಗ ಬದಲಾದರೆ, ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲ್ ಮಾತ್ರ ಬಿಡುವ ಬೋರ್ಡಿನ ಕಾವಲು) ಮುಟ್ಟಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಸಾಮಾನ್ಯವಾಗಿ ಅದೇ ಅಕೌಂಟಿನಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಎನ್‌ಕ್ರಿಪ್ಷನ್ ಆಫ್ ಅಥವಾ ಸಸ್ಪೆಂಡ್ ಮಾಡಿ ಮುಂದಿನ ಕೆಲಸ.

ಈಗ ಅಸಲಿ ಕೆಲಸ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು 300 ಎಂಬಿಯಷ್ಟು ಶ್ರಿಂಕ್ ಮಾಡಿ. ಆಮೇಲೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಡಿಸ್ಕ್‌ಪಾರ್ಟ್ ಓಡಿಸಿ. ಎನ್‌ವಿಎಂಇ ಡಿಸ್ಕನ್ನು ಸೆಲೆಕ್ಟ್ ಮಾಡುವಾಗ ನಂಬರ್ ನಂಬಬೇಡಿ, ಸೈಜ್ ನೋಡಿ. 256ರ ಡಿಸ್ಕ್ ಅಲ್ಲಿ 238 ಜಿಬಿ ಅಂತ ಕಾಣುತ್ತದೆ, ಗಾಬರಿ ಬೇಡ. ಲಿಸ್ಟಿನಲ್ಲಿ ಅದರ ಮುಂದೆ ಜಿಪಿಟಿ (ಯುಇಎಫ್‌ಐಗೆ ಬೇಕಾದ ಪಾರ್ಟಿಷನ್ ಪಟ್ಟಿಯ ವಿಧಾನ) ಅನ್ನುವ ಕಡೆ ನಕ್ಷತ್ರ ಇರಬೇಕು. ಅದರಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿ, ಎಸ್ ಅನ್ನುವ ಅಕ್ಷರ ಕೊಟ್ಟು ಹೊರಗೆ ಬನ್ನಿ. ಕೊನೆಗೆ ಬಿಸಿಡಿಬೂಟ್ ಕಮಾಂಡ್. ಮೂಲ ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಗುರಿ ಎಸ್ ಡ್ರೈವ್, ಫರ್ಮ್‌ವೇರ್ ಯುಇಎಫ್‌ಐ ಅಂತ ಹೇಳಬೇಕು.

ಇಲ್ಲಿ ಬಹಳ ಜನ ತಪ್ಪಿಸಿಕೊಳ್ಳುವ ಒಂದು ವಿಷಯ ಇದೆ. ಬಿಸಿಡಿಬೂಟ್‌ಗೆ ಹೀಗೆ ಗುರಿ ಡ್ರೈವ್ ಹೇಳಿಕೊಟ್ಟರೆ ಅದು ಫೈಲ್ ಮಾತ್ರ ಬರೆಯುತ್ತದೆ. ಬೋರ್ಡಿನ ನೆನಪಿನಲ್ಲಿ, ಅಂದರೆ ಎನ್‌ವಿರ‍್ಯಾಮ್‌ನಲ್ಲಿ, ಹೊಸ ಹೆಸರು ಸೇರಿಸುವುದಿಲ್ಲ. ಆದ್ದರಿಂದ ಪವರ್ ಆಫ್ ಮಾಡಿ, ಹಾರ್ಡ್‌ಡಿಸ್ಕ್ ಬಿಚ್ಚಿ, ಆನ್ ಮಾಡುವಾಗ ಎಫ್12 ಒತ್ತಿ ಎನ್‌ವಿಎಂಇಯನ್ನೇ ಆರಿಸಿ. ವಿಂಡೋಸ್ ಎದ್ದ ಮೇಲೆ ಗುರಿ ಹೇಳದೆ ಇನ್ನೊಂದು ಸಲ ಬಿಸಿಡಿಬೂಟ್ ಓಡಿಸಿದರೆ ವಿಂಡೋಸ್ ಬೂಟ್ ಮ್ಯಾನೇಜರ್ ಹೆಸರೂ ಸರಿಯಾಗಿ ಕೂರುತ್ತದೆ.

ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಒಂದು ಪಕ್ಕದಲ್ಲಿ ಇರಲಿ. ಏಳದಿದ್ದರೆ ಅದರಿಂದ ಬೂಟ್ ಮಾಡಿ ಇದೇ ಕಮಾಂಡ್ ಕೊಡಬಹುದು.

ಕೊಪ್ಪದ ಕಾಫಿ

ಇಷ್ಟೆಲ್ಲ ಯಾಕೆ ಅಂತ? ಲ್ಯಾಬ್ ಕೆಲಸ ಅಂದರೆ ಡಬ್ಲ್ಯುಎಸ್‌ಎಲ್ ಸಾಕು. ವಿಂಡೋಸ್ ಒಳಗೇ ಉಬುಂಟು ಲಿನಕ್ಸ್ ಬರುತ್ತದೆ. ಸ್ಕ್ರೂ ಬಿಚ್ಚುವುದು ಬೇಡ, ಅಪ್ಪಯ್ಯನ ಬೈಗುಳವೂ ಬೇಡ.

ತೋಟದಮನೆ

ಡಬ್ಲ್ಯುಎಸ್‌ಎಲ್ ನೋಡಿದ್ದೇನೆ. ಸಿ ಪ್ರೋಗ್ರಾಂ, ಪೈಥಾನ್‌ಗೆ ಚೆನ್ನಾಗಿದೆ. ನನಗೆ ಕರ್ನಲ್ (ಓಎಸ್‌ನ ತಿರುಳು) ಮಾಡ್ಯೂಲ್ ಬರೆದು ಲೋಡ್ ಮಾಡುವುದು, ಯುಎಸ್‌ಬಿಗೆ ಬೋರ್ಡ್ ಸಿಕ್ಕಿಸಿ ಕೆಲಸ ಮಾಡುವುದು ಇದೆ. ಅಲ್ಲಿ ಪ್ರತಿಯೊಂದಕ್ಕೂ ಸುತ್ತು ದಾರಿ. ವರ್ಚುವಲ್ ಮಷೀನ್ ಹಾಕಿದರೆ 8 ಜಿಬಿಯಲ್ಲಿ ಎರಡೂ ತೆವಳುತ್ತವೆ.

ಶರಾವತಿ ಪೆಂಗ್ವಿನ್ (ಸಾಗರ)

ಹಾಗಾದರೆ ಬೇರೆ ಡ್ರೈವೇ ಸರಿ. ಆದರೆ ಒಂದು ಮಾತು. ಡ್ರೈವ್ ಬೇರೆ ಆದ ಮಾತ್ರಕ್ಕೆ ಓಎಸ್ ಬೇರೆ ಆಗುವುದಿಲ್ಲ. ನಿಮ್ಮದೇ ಮಷೀನ್ ಸಾಕ್ಷಿ. ಪ್ರತಿ ಡ್ರೈವಿಗೂ ಅದರದೇ ಇಎಸ್‌ಪಿ ಇರಬೇಕು, ಇನ್ನೊಂದನ್ನು ಕಿತ್ತಿಟ್ಟರೂ ಇದು ಏಳಬೇಕು. ಅಷ್ಟಾದರೆ ಮಾತ್ರ ಬೇರೆ ಅನ್ನಬಹುದು.

ಲಿನಕ್ಸ್ ಇನ್‌ಸ್ಟಾಲರ್‌ಗಳೇನೂ ಸಾಚಾ ಅಲ್ಲ. ಉಬುಂಟುವಿನ ಹಳೇ ಇನ್‌ಸ್ಟಾಲರ್‌ನಲ್ಲಿ ಬೂಟ್‌ಲೋಡರ್ ಯಾವ ಡ್ರೈವಿಗೆ ಅಂತ ಕೇಳುವ ಒಂದು ಪೆಟ್ಟಿಗೆ ಇದೆ. ಅಲ್ಲಿ ಎರಡನೇ ಡ್ರೈವ್ ಆರಿಸಿದರೂ ಅದು ಮೊದಲು ಕಂಡ ಇಎಸ್‌ಪಿಗೇ ಗ್ರಬ್ (ಲಿನಕ್ಸ್ ಎಬ್ಬಿಸುವ ಬೂಟ್‌ಲೋಡರ್) ಬರೆಯುತ್ತಿತ್ತು. ವರ್ಷಗಟ್ಟಲೆ ಇದ್ದ ದೋಷ. ಉಬುಂಟು ಆಧರಿಸಿದ ಲಿನಕ್ಸ್ ಮಿಂಟ್ 22ರಲ್ಲೂ ಇರುವುದು ಅದೇ ಇನ್‌ಸ್ಟಾಲರ್.

ಅದಕ್ಕೇ ನಾನು ಹೇಳುವುದು: ಲಿನಕ್ಸ್ ಹಾಕುವಾಗ ಎನ್‌ವಿಎಂಇಯ ಸ್ಕ್ರೂ ಬಿಚ್ಚಿ ಹೊರಗಿಡಿ. ಒಂದೇ ಸ್ಕ್ರೂ. ಆಗ ಕಂಪ್ಯೂಟರಿನಲ್ಲಿ ಇರುವುದು ಹೊಸ ಎಸ್‌ಎಸ್‌ಡಿ ಮಾತ್ರ. ಇನ್‌ಸ್ಟಾಲರ್‌ನಲ್ಲಿ ಇರೇಸ್ ಡಿಸ್ಕ್ ಅಂತ ಧೈರ್ಯವಾಗಿ ಒತ್ತಬಹುದು. ಇಎಸ್‌ಪಿ, ರೂಟ್, ಸ್ವಾಪ್ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಪಾರ್ಟಿಷನ್ ತಲೆನೋವೇ ಇಲ್ಲ.

ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಸ್ಲಾಟ್ ಇದ್ದು ಬಿಚ್ಚಲು ಆಗದಿದ್ದರೆ, ಕೆಲವು ಬೋರ್ಡ್‌ಗಳ ಬಯೋಸ್‌ನಲ್ಲೇ ಆ ಸ್ಲಾಟ್ ಆಫ್ ಮಾಡುವ ಆಯ್ಕೆ ಇರುತ್ತದೆ. ಅದೂ ಇಲ್ಲದಿದ್ದರೆ ಲೈವ್ ಯುಎಸ್‌ಬಿಯಲ್ಲಿ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಜಿಪಾರ್ಟೆಡ್ ಅನ್ನುವ ಪಾರ್ಟಿಷನ್ ತಂತ್ರಾಂಶ ತೆರೆದು, ವಿಂಡೋಸಿನ ಇಎಸ್‌ಪಿ ಮೇಲಿರುವ ಬೂಟ್ ಮತ್ತು ಇಎಸ್‌ಪಿ ಫ್ಲ್ಯಾಗ್ ತಾತ್ಕಾಲಿಕವಾಗಿ ತೆಗೆಯಿರಿ. ಇನ್‌ಸ್ಟಾಲರ್ ಕಣ್ಣಿಗೆ ಅದು ಬೀಳುವುದಿಲ್ಲ. ಮುಗಿದ ಮೇಲೆ ಫ್ಲ್ಯಾಗ್ ವಾಪಸ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ವಿಂಡೋಸ್ ಮುನಿಸಿಕೊಳ್ಳಬಹುದು.

ಸಾಟಾ ಪೋರ್ಟ್ ಬಗ್ಗೆಯೂ ಒಂದು ಮಾತು. ಹಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ (ಎನ್‌ವಿಎಂಇ ಕೂರುವ ಜಾಗ) ಬಳಸಿದಾಗ ಒಂದು ಸಾಟಾ ಪೋರ್ಟ್ ಸತ್ತುಹೋಗುತ್ತದೆ. ಹೊಸ ಎಸ್‌ಎಸ್‌ಡಿ ಕಾಣದಿದ್ದರೆ ಡ್ರೈವ್ ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮೊದಲು ಬೇರೆ ಪೋರ್ಟಿಗೆ ಹಾಕಿ ನೋಡಿ. ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ಹಾಸ್ಟೆಲ್ ಹುಡುಗ (ಶಂಕರಘಟ್ಟ)

ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲರ್‌ಗೆ ಎನ್‌ವಿಎಂಇಯೇ ಕಾಣುತ್ತಿಲ್ಲ ಅಣ್ಣಾ. 11ನೇ ಜನರೇಷನ್ ಇಂಟೆಲ್. ಏನು ಮಾಡಲಿ?

ಶರಾವತಿ ಪೆಂಗ್ವಿನ್

ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ (ಡ್ರೈವ್ ನೋಡಿಕೊಳ್ಳುವ ಇಂಟೆಲ್ ಸೆಟ್ಟಿಂಗ್) ಆನ್ ಇರಬೇಕು. ಆಫ್ ಮಾಡಿದರೆ ಕಾಣುತ್ತದೆ. ಆದರೆ ಹಾಗೇ ಆಫ್ ಮಾಡಿದರೆ ಈಗಿರುವ ವಿಂಡೋಸ್ ನೀಲಿ ಪರದೆ ತೋರಿಸಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಎಂಎಸ್‌ಕಾನ್ಫಿಗ್‌ನಲ್ಲಿ ಹೇಳಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಗುರುತು ತೆಗೆಯಿರಿ. ಬಿಟ್‌ಲಾಕರ್ ಎಚ್ಚರಿಕೆ ನಿಮಗೂ ಅನ್ವಯ.

ಕೊಪ್ಪದ ಕಾಫಿ

ಸರಿ, ಬೇರೆ ಡ್ರೈವ್ ಒಪ್ಪಿದೆ. ಆದರೆ ಇಬ್ಬರೂ ಗ್ರಬ್ ಮೆನು ಬಗ್ಗೆ ಮಾತೇ ಆಡುತ್ತಿಲ್ಲ. ಲಿನಕ್ಸ್ ಡ್ರೈವನ್ನು ಮೊದಲಿಗಿಟ್ಟರೆ ಗ್ರಬ್ ಮೆನುವಿನಲ್ಲಿ ಎರಡೂ ಬರುತ್ತವೆ, ಬಾಣದ ಕೀ ಒತ್ತಿ ಆರಿಸಬಹುದು. ಹೊಸ ಗ್ರಬ್‌ನಲ್ಲಿ ವಿಂಡೋಸ್ ಹುಡುಕುವ ಓಎಸ್ ಪ್ರೋಬರ್ ಆಫ್ ಆಗಿ ಬರುತ್ತದೆ, 2.06ರಿಂದ ಹಾಗೆ. ಗ್ರಬ್ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿ ಅಪ್‌ಡೇಟ್ ಗ್ರಬ್ ಕೊಟ್ಟರೆ ಆಯಿತು. ದಿನಾ ಎಫ್12 ಒತ್ತುತ್ತಾ ಕೂರುವವರು ಯಾರು?

ದುರ್ಗಿಗುಡಿ ಸ್ಕ್ರೂಡ್ರೈವರ್

ಒಬ್ಬರೇ ಬಳಸುವ ಮಷೀನ್ ಆದರೆ ನಿಮ್ಮ ಮಾತು ಸರಿ. ಇಲ್ಲಿ ಅವರ ತಂದೆ ಬಳಸುತ್ತಾರೆ. ಬೆಳಿಗ್ಗೆ ಸ್ವಿಚ್ ಹಾಕಿ ಹಲ್ಲುಜ್ಜಿ ಬರುವಷ್ಟರಲ್ಲಿ ಕಪ್ಪು ಮೆನು ಹತ್ತು ಸೆಕೆಂಡ್ ಕಾದು ಲಿನಕ್ಸ್ ಒಳಗೆ ಹೋಗಿ ಕುಳಿತಿರುತ್ತದೆ. ಫೋನ್ ಬರುವುದು ಯಾರಿಗೆ?

ಇನ್ನೊಂದು ಕಾರಣ ಇದೆ. ಗ್ರಬ್ ಮೂಲಕ ವಿಂಡೋಸ್ ಎಬ್ಬಿಸಿದರೆ ಬೂಟ್ ಆದ ಸರಪಳಿ ಬೇರೆ ಥರ ಅಂತ ಟಿಪಿಎಂ (ಕಂಪ್ಯೂಟರಿನ ಭದ್ರತಾ ಘಟಕ) ಗುರುತಿಸುತ್ತದೆ. ಬಿಟ್‌ಲಾಕರ್ ಇರುವ ಕಡೆ ಇದರಿಂದ ರಿಕವರಿ ಕೀ ಕೇಳಿದ್ದನ್ನು ನೋಡಿದ್ದೇನೆ. ಬೋರ್ಡಿನ ಬೂಟ್ ಮೆನುವಿನಿಂದ ನೇರ ಎಬ್ಬಿಸಿದರೆ ಆ ರಗಳೆ ಇಲ್ಲ. ಮೇಲಾಗಿ ಲಿನಕ್ಸ್ ಡ್ರೈವ್ ಕೆಟ್ಟ ದಿನ ಗ್ರಬ್ ಕೂಡ ಹೋಗುತ್ತದೆ. ಆಗ ವಿಂಡೋಸಿಗೆ ಹೋಗಲು ಮತ್ತೆ ಎಫ್12 ಬೇಕೇ ಬೇಕು.

ತೋಟದಮನೆಯವರಿಗೆ ನನ್ನ ಸಲಹೆ: ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಮೊದಲು. ಅಪ್ಪಯ್ಯನಿಗೆ ಏನೂ ಬದಲಾದ ಹಾಗೆ ಅನ್ನಿಸಬಾರದು. ಕೀ ಒತ್ತುವ ಕಷ್ಟ ನೀವು ಪಡಿ, ವಯಸ್ಸಿದೆ.

ಶರಾವತಿ ಪೆಂಗ್ವಿನ್

ಇದಕ್ಕೆ ನನ್ನದೂ ಒಂದು ಓಟು. ಕೀ ಒತ್ತುವುದೂ ಬೇಡ ಅಂದರೆ ವಿಂಡೋಸ್ ಒಳಗಿಂದಲೇ ಹೋಗಬಹುದು. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ನೀಲಿ ಪರದೆಯಲ್ಲಿ ಯೂಸ್ ಎ ಡಿವೈಸ್ ಅಂತ ಬರುತ್ತದೆ. ಅಲ್ಲಿ ಉಬುಂಟು ಹೆಸರು ಆರಿಸಿ. ಅದೊಂದು ಸಲ ಮಾತ್ರ ಲಿನಕ್ಸ್‌ಗೆ ಹೋಗುತ್ತದೆ, ಮುಂದಿನ ಸಲ ಮತ್ತೆ ವಿಂಡೋಸ್.

ಬೂಟ್ ಮೆನು ಕೀ ಎಲ್ಲರಿಗೂ ಎಫ್12 ಅಲ್ಲ. ಗಿಗಾಬೈಟ್, ಡೆಲ್, ಲೆನೊವೊ ಎಫ್12. ಎಂಎಸ್‌ಐ, ಎಎಸ್‌ರಾಕ್ ಎಫ್11. ಏಸಸ್ ಡೆಸ್ಕ್‌ಟಾಪ್ ಬೋರ್ಡ್ ಎಫ್8. ಎಚ್‌ಪಿ ಎಫ್9. ಬಯೋಸ್‌ನ ಫಾಸ್ಟ್ ಬೂಟ್ ಆನ್ ಇದ್ದರೆ ಯುಎಸ್‌ಬಿ ಕೀಬೋರ್ಡ್ ಕಣ್ಣು ಬಿಡುವಷ್ಟರಲ್ಲಿ ವಿಂಡೋಸ್ ಬಂದಿರುತ್ತದೆ. ಅದನ್ನು ಆಫ್ ಮಾಡಿ.

ಮಿಂಟ್ ಹಾಕಿದರೂ ಬೂಟ್ ಮೆನುವಿನಲ್ಲಿ ಹೆಸರು ಉಬುಂಟು ಅಂತಲೇ ಬರುತ್ತದೆ, ಹೆದರಬೇಡಿ. ಇಎಸ್‌ಪಿಯಲ್ಲಿ ಫೋಲ್ಡರ್ ಹೆಸರೂ ಅದೇ. ಉಬುಂಟು ಮತ್ತು ಮಿಂಟ್ ಎರಡನ್ನೂ ಒಂದೇ ಇಎಸ್‌ಪಿಗೆ ಹಾಕಿದರೆ ಒಂದರ ಫೈಲಿನ ಮೇಲೆ ಇನ್ನೊಂದು ಬರೆದು ಕೂರುತ್ತದೆ. ಮೂರನೇ ಓಎಸ್ ಹಾಕುವ ಆಸೆ ಇರುವವರಿಗೆ ಬೇರೆ ಬೇರೆ ಇಎಸ್‌ಪಿ ಬೇಕು ಅನ್ನಲು ಇದೂ ಒಂದು ಕಾರಣ. ಮೂರು ನಾಲ್ಕು ಓಎಸ್ ಇದ್ದರೆ ಮಾತ್ರ ರೀಫೈಂಡ್ ಥರದ ಚಿತ್ರದ ಮೆನು ಚೆಂದ. ಎರಡಕ್ಕೆ ಅದು ಜಾಸ್ತಿಯಾಯಿತು.

ಬಿಳಿಹಲಗೆ (ಹೊಸನಗರ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ಮಷೀನ್‌ನಲ್ಲಿ ಎರಡೂ ಇವೆ. ಲಿನಕ್ಸ್ ಬಳಸಿ ವಿಂಡೋಸಿಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಬ್ಯಾಟರಿ ಬದಲಿಸಿದರೂ ಹೋಗಲಿಲ್ಲ. ಬೇರೆಯವರಿಗೂ ಹೀಗಾ?

ದುರ್ಗಿಗುಡಿ ಸ್ಕ್ರೂಡ್ರೈವರ್

ಎಲ್ಲರಿಗೂ ಹೀಗೇ ಮೇಡಂ. ಬ್ಯಾಟರಿ ತಪ್ಪಲ್ಲ. ಬೋರ್ಡಿನ ಗಡಿಯಾರ ಎರಡಕ್ಕೂ ಒಂದೇ. ಲಿನಕ್ಸ್ ಅದರಲ್ಲಿ ಯುಟಿಸಿ (ಜಾಗತಿಕ) ಸಮಯ ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯ ಅಂತ ಓದುತ್ತದೆ. ನಡುವಿನ ವ್ಯತ್ಯಾಸ 5:30.

ಇಬ್ಬರಲ್ಲಿ ಒಬ್ಬರನ್ನು ಒಪ್ಪಿಸಬೇಕು. ಸುಲಭ ದಾರಿ ಲಿನಕ್ಸ್ ಕಡೆ: ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಲ್ಲಿ ಲೋಕಲ್ ಆರ್‌ಟಿಸಿ 1 ಅಂತ ಕೊಡುವುದು. ಅದು ಹೀಗೆ ಮಾಡಬೇಡಿ ಅಂತ ಎಚ್ಚರಿಕೆ ತೋರಿಸುತ್ತದೆ. ಆ ಎಚ್ಚರಿಕೆ ಮುಖ್ಯವಾಗಿ ಬೇಸಿಗೆ ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳಿಗೆ. ನಮ್ಮಲ್ಲಿ ಆ ಪದ್ಧತಿ ಇಲ್ಲ, ತೊಂದರೆ ಆಗುವುದಿಲ್ಲ. ವಿಂಡೋಸ್ ರಿಜಿಸ್ಟ್ರಿಯಲ್ಲಿ ರಿಯಲ್ ಟೈಮ್ ಈಸ್ ಯೂನಿವರ್ಸಲ್ ಅಂತ ಹಾಕಿಯೂ ಸರಿ ಮಾಡಬಹುದು. ಎರಡೂ ಕಡೆ ಮಾಡಬೇಡಿ, ಮತ್ತೆ ಉಲ್ಟಾ ಆಗುತ್ತದೆ.

ಬಿಳಿಹಲಗೆ

ಲಿನಕ್ಸ್ ಕಡೆ ಮಾಡಿದೆ, ಸರಿ ಹೋಯಿತು. ಧನ್ಯವಾದ. ಅಂದ ಹಾಗೆ ಕನ್ನಡ ಟೈಪಿಂಗ್ ಚಿಂತೆ ಇರುವವರಿಗೆ: ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಇದೆ. ನುಡಿ ಬೆರಳಿಗೆ ರೂಢಿ ಇದ್ದವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಹಳೇ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಮಾತ್ರ ಅಲ್ಲಿ ಕಲಸುಮೇಲೋಗರವಾಗಿ ಕಾಣುತ್ತವೆ. ಅವಕ್ಕಾಗಿಯೇ ನಾನು ವಿಂಡೋಸ್ ಇಟ್ಟುಕೊಂಡಿರುವುದು.

ಮಳೆಗಾಲ (ಆಗುಂಬೆ ಹತ್ತಿರ)

ಎಲ್ಲ ಸರಿ, ಯಾರೂ ಕರೆಂಟಿನ ಮಾತು ಎತ್ತಲಿಲ್ಲ. ನಮ್ಮ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವಾಗ ಕರೆಂಟ್ ಹೋಗುತ್ತದೆ ಹೇಳಲಾಗದು. ಬಯೋಸ್ ಅಪ್‌ಡೇಟ್, ಪಾರ್ಟಿಷನ್ ಶ್ರಿಂಕ್, ಇನ್‌ಸ್ಟಾಲ್, ಈ ಮೂರನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲಿ ಕೆಲವು ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತವೆ, ಅದನ್ನು ಯುಪಿಎಸ್ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹಳೇ ಬೋರ್ಡಿನಲ್ಲಿ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗ ಬಯೋಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಬೂಟ್ ಆರ್ಡರ್ ಬದಲಾಗುತ್ತದೆ, ತಾರೀಖು ಎಲ್ಲೋ ಹೋಗುತ್ತದೆ, ಬ್ರೌಸರ್ ಯಾವ ಸೈಟನ್ನೂ ತೆರೆಯುವುದಿಲ್ಲ. ಜನ ಲಿನಕ್ಸನ್ನು ಬೈಯುತ್ತಾರೆ. ತಪ್ಪು ಸಣ್ಣ ಬಿಲ್ಲೆಯದು.

ನೆಟ್ ಬಗ್ಗೆಯೂ. ಮಿಂಟ್ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಸುಮಾರು 3 ಜಿಬಿ, ಉಬುಂಟು ಅದರ ಎರಡರಷ್ಟು. ನಮ್ಮಲ್ಲಿ ನಡುವೆ ನೆಟ್ ಹೋಗಿ ಫೈಲ್ ಅರ್ಧಂಬರ್ಧ ಬರುವುದೇ ಜಾಸ್ತಿ. ನಾನು ಪೇಟೆಗೆ ಹೋದಾಗ ಇಳಿಸಿಕೊಂಡು ಬರುತ್ತೇನೆ. ಎಲ್ಲಿಂದ ತಂದರೂ ಶಾ256 ಮೊತ್ತ (ಫೈಲ್ ಸರಿಯಾಗಿ ಬಂದಿದೆಯಾ ಅಂತ ತೋರಿಸುವ ಗುರುತು) ತಾಳೆ ನೋಡದೆ ಪೆನ್‌ಡ್ರೈವಿಗೆ ಬರೆಯಬೇಡಿ. ವಿಂಡೋಸಿನ ಸರ್ಟ್‌ಯುಟಿಲ್ ಕಮಾಂಡ್ ಸಾಕು. ಒಂದೇ ಪೆನ್‌ಡ್ರೈವಿನಲ್ಲಿ ನಾಲ್ಕಾರು ಐಎಸ್‌ಒ ಇಟ್ಟುಕೊಳ್ಳಲು ವೆಂಟಾಯ್ ಚೆನ್ನಾಗಿದೆ.

ತೋಟದಮನೆ

ಎಲ್ಲರ ಮಾತು ಸೇರಿಸಿ ಮಾಡಿದೆ. ಡೇಟಾ ಎಲ್ಲ ಹೊರಗಿನ ಡ್ರೈವಿಗೆ ಹೋಯಿತು. ಇಎಸ್‌ಪಿ ಮಾಡಿ ಬಿಸಿಡಿಬೂಟ್ ಓಡಿಸಿದೆ. ಹಾರ್ಡ್‌ಡಿಸ್ಕ್ ಇಲ್ಲದೆ ವಿಂಡೋಸ್ ಎದ್ದಿತು! ಎನ್‌ವಿಎಂಇ ಬಿಚ್ಚಿಟ್ಟು ಮಿಂಟ್ ಹಾಕಿದೆ. ಈಗ ಎರಡೂ ಒಳಗಿವೆ, ಅಪ್ಪಯ್ಯನಿಗೆ ಇನ್ನೂ ಗೊತ್ತೇ ಇಲ್ಲ.

ಎರಡು ಪ್ರಶ್ನೆ ಉಳಿದಿದೆ. ಮಿಂಟ್‌ನಿಂದ ಸಿ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಮತ್ತೆ ವಿಂಡೋಸ್ ಅಪ್‌ಡೇಟ್ ಬಂದಾಗ ಲಿನಕ್ಸ್ ಹಾಳಾಗುತ್ತದೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಬೇರೆ ಡ್ರೈವ್ ಆದ್ದರಿಂದ ನನಗೆ ಆ ಭಯ ಇಲ್ಲ ಅಲ್ವಾ?

ಶರಾವತಿ ಪೆಂಗ್ವಿನ್

ಮೊದಲನೆಯದು ಫಾಸ್ಟ್ ಸ್ಟಾರ್ಟಪ್. ವಿಂಡೋಸಿನಲ್ಲಿ ಶಟ್‌ಡೌನ್ ಕೊಟ್ಟಾಗ ಅದು ಪೂರ್ತಿ ಮಲಗುವುದಿಲ್ಲ. ಕರ್ನಲ್ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಹೋಗುತ್ತದೆ. ಡ್ರೈವ್ ಇನ್ನೂ ವಿಂಡೋಸ್ ಕೈಯಲ್ಲೇ ಇದೆ ಅಂತ ಲಿನಕ್ಸ್ ತಿಳಿದು ಬರೆಯಲು ಒಪ್ಪುವುದಿಲ್ಲ. ಅದು ಮಾಡುವುದೇ ಸರಿ. ಬಲವಂತ ಮಾಡಿ ಬರೆಯಬೇಡಿ, ಫೈಲ್ ಸಿಸ್ಟಮ್ ಕೆಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ರೀಸ್ಟಾರ್ಟ್ ಕೊಟ್ಟು ಬಂದರೆ ಈ ತೊಂದರೆ ಬರುವುದಿಲ್ಲ, ಬರುವುದು ಶಟ್‌ಡೌನ್‌ಗೆ ಮಾತ್ರ.

ಆದರೂ ಸಿ ಡ್ರೈವಿಗೆ ಲಿನಕ್ಸ್‌ನಿಂದ ಬರೆಯುವ ಅಭ್ಯಾಸ ಬೇಡ. ಹಂಚಿಕೊಳ್ಳುವ ಫೈಲಿಗೆ ಬೇರೆ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ಪಾರ್ಟಿಷನ್ ಮಾಡಿ. ಕರ್ನಲ್ 5.15ರಿಂದ ಲಿನಕ್ಸ್‌ನಲ್ಲೇ ಅದಕ್ಕೆ ಡ್ರೈವರ್ ಇದೆ. ಲಿನಕ್ಸ್‌ನ ಫೈಲ್ ಸಿಸ್ಟಮ್ ಎಕ್ಸ್ಟ್4 ಮಾತ್ರ ವಿಂಡೋಸಿಗೆ ತಾನಾಗಿ ಅರ್ಥ ಆಗುವುದಿಲ್ಲ. ಅದನ್ನು ಕಂಡರೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳಬಹುದು. ಮನೆಯವರಿಗೆಲ್ಲ ಹೇಳಿಡಿ: ಆ ಪ್ರಶ್ನೆ ಬಂದರೆ ಕ್ಯಾನ್ಸಲ್.

ಎರಡನೆಯದಕ್ಕೆ ಉತ್ತರ ಅರ್ಧ ಹೌದು, ಅರ್ಧ ಇಲ್ಲ. ಇಎಸ್‌ಪಿ ಬೇರೆ ಇರುವುದರಿಂದ ವಿಂಡೋಸ್ ಅಪ್‌ಡೇಟ್ ನಿಮ್ಮ ಗ್ರಬ್ ಫೈಲ್ ಮುಟ್ಟುವುದಿಲ್ಲ. ಆದರೆ ಬೋರ್ಡ್ ಒಂದೇ. ಅದರ ಎನ್‌ವಿರ‍್ಯಾಮ್ ಎರಡಕ್ಕೂ ಸೇರಿದ್ದು. 2024ರ ಆಗಸ್ಟ್ ಅಪ್‌ಡೇಟ್ ನೆನಪಿದೆಯಾ? ಹಳೇ ದೋಷ ಇದ್ದ ಬೂಟ್‌ಲೋಡರ್‌ಗಳನ್ನು ತಡೆಯಲು ಮೈಕ್ರೋಸಾಫ್ಟ್ ಎಸ್‌ಬ್ಯಾಟ್ ಅನ್ನುವ ಪಟ್ಟಿಯನ್ನು ಹೊಸದು ಮಾಡಿತು. ಡ್ಯುಯಲ್ ಬೂಟ್ ಇರುವ ಕಡೆ ಅದು ಬೀಳಬಾರದಿತ್ತು, ಆದರೂ ಹಲವರ ಮೇಲೆ ಬಿತ್ತು. ಸೆಕ್ಯೂರ್ ಬೂಟ್ ಆನ್ ಇದ್ದವರಿಗೆ ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್ ಅಂತ ಬಂದು ಲಿನಕ್ಸ್ ಏಳಲಿಲ್ಲ. ಆ ಪಟ್ಟಿ ಕೂರುವುದು ಡಿಸ್ಕಿನಲ್ಲಲ್ಲ, ಬೋರ್ಡಿನಲ್ಲಿ. ಹಾಗಾಗಿ ಬೇರೆ ಡ್ರೈವ್ ಇಟ್ಟವರೂ ತಪ್ಪಿಸಿಕೊಳ್ಳಲಿಲ್ಲ.

ಪರಿಹಾರ ಕಷ್ಟ ಇರಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿ ಲಿನಕ್ಸ್‌ಗೆ ಹೋಗುವುದು, ಮೋಕ್‌ಯುಟಿಲ್ ಕಮಾಂಡಿನಿಂದ ಎಸ್‌ಬ್ಯಾಟ್ ಪಾಲಿಸಿ ಅಳಿಸುವುದು, ಲಿನಕ್ಸ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡುವುದು. ಈಗ ಹೊಸ ಐಎಸ್‌ಒ ಹಾಕಿದವರಿಗೆ ಆ ತೊಂದರೆ ಇಲ್ಲ. ಆದರೆ ಇಂಥದ್ದು ಇನ್ನೊಂದು ಬರುವುದಿಲ್ಲ ಅಂತ ನಾನು ಬರೆದುಕೊಡುವುದಿಲ್ಲ. ಬಿಟ್‌ಲಾಕರ್ ಇದ್ದರೆ ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಆ 48 ಅಂಕಿ ಕೈಯಲ್ಲಿರಲಿ.

ಕೊಪ್ಪದ ಕಾಫಿ

ನೋಡಿ, ಅದಕ್ಕೇ ಡಬ್ಲ್ಯುಎಸ್‌ಎಲ್ ಅಂದಿದ್ದು. 😀

ದುರ್ಗಿಗುಡಿ ಸ್ಕ್ರೂಡ್ರೈವರ್

ಕಾಫಿಯವರೇ, ವಿಂಡೋಸೇ ಕೆಟ್ಟ ದಿನ ನಿಮ್ಮ ಡಬ್ಲ್ಯುಎಸ್‌ಎಲ್ ಎಲ್ಲಿರುತ್ತದೆ? ಇವರ ಮನೆಯಲ್ಲಿ ಎನ್‌ವಿಎಂಇ ಸತ್ತರೂ ಇನ್ನೊಂದು ಡ್ರೈವಿನಲ್ಲಿ ಕಂಪ್ಯೂಟರ್ ಎದ್ದು ಕೂರುತ್ತದೆ. ಆವತ್ತು ಬ್ಯಾಂಕು, ಮೇಲ್ ಆದರೂ ನೋಡಬಹುದು. ರಿಪೇರಿ ಮಾಡುವವನಾಗಿ ಹೇಳುತ್ತೇನೆ, ಬೇರೆ ಡ್ರೈವಿನ ದೊಡ್ಡ ಲಾಭ ಅದೇ.

ತೋಟದಮನೆ

ಫಾಸ್ಟ್ ಸ್ಟಾರ್ಟಪ್ ತೆಗೆದೆ, ಸಿ ಡ್ರೈವಿನ ಗೊಂದಲ ಹೋಯಿತು. ಕೊನೆಯದೊಂದು. ಎಫ್12 ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಎರಡು ಸಲ ಕಾಣುತ್ತದೆ. ಒಂದು ಒತ್ತಿದರೆ ಏನೂ ಆಗದೆ ಮೆನುವಿಗೇ ವಾಪಸ್.

ಶರಾವತಿ ಪೆಂಗ್ವಿನ್

ಅದು ಹಳೇ ಹಾರ್ಡ್‌ಡಿಸ್ಕಿನ ಇಎಸ್‌ಪಿ ಕಡೆ ಬೆರಳು ತೋರಿಸುವ ಹೆಸರು. ಮಿಂಟ್‌ನ ಟರ್ಮಿನಲ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಕಮಾಂಡನ್ನು ವಿವರದ ಜೊತೆ ಓಡಿಸಿ. ಪ್ರತಿ ಹೆಸರಿನ ಮುಂದೆ ಪಾರ್ಟಿಷನ್‌ನ ಉದ್ದ ಗುರುತು ಬರುತ್ತದೆ. ಈಗಿರುವ ಎನ್‌ವಿಎಂಇಯ ಇಎಸ್‌ಪಿ ಗುರುತಿಗೆ ತಾಳೆ ಆಗದ ನಂಬರನ್ನು ಮಾತ್ರ ಅಳಿಸಿ. ಡಿಸ್ಕಿನಿಂದ ಏನೂ ಹೋಗುವುದಿಲ್ಲ, ಬೋರ್ಡಿನ ಪಟ್ಟಿಯಿಂದ ಹೆಸರು ಹೋಗುತ್ತದೆ ಅಷ್ಟೇ.

ತೋಟದಮನೆ

ಅಳಿಸಿದೆ. ಈಗ ವಿಂಡೋಸ್ ಒಂದು, ಉಬುಂಟು ಒಂದು. ಅಪ್ಪಯ್ಯ ಬೆಳಿಗ್ಗೆ ಟ್ಯಾಲಿ ತೆರೆದು, ಸದ್ದು ಕಡಿಮೆ ಆಗಿದೆಯಲ್ಲ, ಏನು ಮಾಡಿದೆ ಅಂತ ಕೇಳಿದರು. ಹಾರ್ಡ್‌ಡಿಸ್ಕ್ ತೆಗೆದೆ ಅಂದೆ.